ನಿವೃತ್ತಿಯ ಹಣ, ನಾಮಿನಿ ಮತ್ತು ಉಯಿಲು: ಮೂರನ್ನೂ ಒಟ್ಟಿಗೆ ಸಿದ್ಧಪಡಿಸುವ ಬಗೆ

ನಿವೃತ್ತಿಯ ಲೆಕ್ಕವನ್ನು ಹಣಕಾಸು ಸಲಹೆಗಾರರ ಬಳಿ, ಉಯಿಲನ್ನು ವಕೀಲರ ಬಳಿ ಮಾಡಿಸಿ, ಎರಡನ್ನೂ ಒಮ್ಮೆಯೂ ಜೊತೆಗಿಟ್ಟು ನೋಡದೆ ಇರುವುದು ಸಾಮಾನ್ಯ. ಆದರೆ ಬದುಕಿರುವವರೆಗೆ ಖರ್ಚಿಗೆ ಒದಗಬೇಕಾದ ಹಣವೂ ಆನಂತರ ವಾರಸುದಾರರಿಗೆ ಸೇರಬೇಕಾದ ಹಣವೂ ಒಂದೇ ಗಂಟಿನಲ್ಲಿರುವುದರಿಂದ, ಮೊದಲು ಖರ್ಚಿನ ಲೆಕ್ಕ, ಆಮೇಲೆ ಹಂಚಿಕೆ ಎಂಬ ಕ್ರಮವನ್ನು ಬಿಡಬಾರದು.

ಆರಂಭಕ್ಕೆ ಒಂದು ಪಟ್ಟಿ ಸಾಕು. ಬ್ಯಾಂಕ್ ಖಾತೆ, ಠೇವಣಿ, ವಿಮೆ, ಷೇರು, ಮನೆ, ಜಮೀನು, ಸಾಲ, ಇತರರ ಸಾಲಕ್ಕೆ ನಿಂತ ಜಾಮೀನು ಎಲ್ಲವನ್ನೂ ಬರೆದು, ಪ್ರತಿಯೊಂದರ ಮುಂದೆ ಅದು ಯಾರ ಹೆಸರಿನಲ್ಲಿದೆ, ನಾಮಿನಿ ಯಾರು, ಮೂಲ ಪತ್ರ ಎಲ್ಲಿದೆ ಎಂಬುದನ್ನು ನಮೂದಿಸಿ. ಜಾಮೀನನ್ನು ಮಾತ್ರ ಮರೆಯಬೇಡಿ. ಸಾಲಗಾರ ಕಟ್ಟದಿದ್ದರೆ ಅದು ನಿಮ್ಮ ಸಾಲವೇ ಆಗುತ್ತದೆ.

ಖರ್ಚಿನ ಲೆಕ್ಕದಲ್ಲಿ ಎಡವಿಸುವುದು ಹಣದುಬ್ಬರ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಇಂದಿನ ಖರ್ಚು ಸುಮಾರು 12 ವರ್ಷಕ್ಕೆ ಎರಡರಷ್ಟಾಗುತ್ತದೆ, 24 ವರ್ಷಕ್ಕೆ ನಾಲ್ಕರಷ್ಟಾಗುತ್ತದೆ. ಅಂದರೆ 60ನೇ ವಯಸ್ಸಿನಲ್ಲಿ ಸಾಕೆನಿಸಿದ ಸ್ಥಿರ ಮಾಸಿಕ ಆದಾಯ 84ನೇ ವಯಸ್ಸಿಗೆ ಕಾಲು ಭಾಗದ ಬೆಲೆಗೆ ಇಳಿದಿರುತ್ತದೆ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಮಾರುಕಟ್ಟೆಯ ಹಳೆಯ ಅಂಕಿಅಂಶಗಳನ್ನು ಪರಿಶೀಲಿಸಿ, ಷೇರು ಮತ್ತು ಬಾಂಡ್‌ಗಳಲ್ಲಿ ಹಂಚಿಟ್ಟ ಇಡಗಂಟಿನಿಂದ ಮೊದಲ ವರ್ಷ ಶೇ 4ರಷ್ಟನ್ನು ತೆಗೆದು, ಮುಂದೆ ಆ ಮೊತ್ತವನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತ ಹೋದರೂ ಗಂಟು 30 ವರ್ಷ ಬಾಳುತ್ತದೆಂದು ತೋರಿಸಿದರು. ಇದರ ಪ್ರಕಾರ ವಾರ್ಷಿಕ ಖರ್ಚಿನ 25 ಪಟ್ಟು ಹಣ ಬೇಕು. ಹಣದುಬ್ಬರ ಹೆಚ್ಚಿರುವಲ್ಲಿ ಅಥವಾ ಬೇಗನೆ ನಿವೃತ್ತರಾಗುವವರಿಗೆ ಹೀಗೆ ಶೇ 4ರಷ್ಟು ತೆಗೆಯುವುದು ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ನಿವೃತ್ತಿಯ ಮೊದಲ ವರ್ಷಗಳಲ್ಲೇ ಮಾರುಕಟ್ಟೆ ಕುಸಿದರೆ ಬೆಲೆ ಬಿದ್ದಿರುವಾಗಲೇ ಹೂಡಿಕೆಯನ್ನು ಮಾರಬೇಕಾಗುವುದರಿಂದ, ಎರಡು ವರ್ಷದ ಖರ್ಚಿನಷ್ಟನ್ನಾದರೂ ಠೇವಣಿಯಲ್ಲಿ ಇಡುವುದು ಕ್ಷೇಮ.

ಇನ್ನು ನಾಮಿನಿ. ಜಗಳಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಅಮೆರಿಕದ ಕೆನಡಿ ಪ್ರಕರಣದಲ್ಲಿ, ವಿಚ್ಛೇದನದ ವೇಳೆ ಪತ್ನಿಯು ಗಂಡನ ಕಂಪನಿಯ ಉಳಿತಾಯ ನಿಧಿಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿದ್ದರೂ, ಆತ ಫಾರಂನಲ್ಲಿ ಅವರ ಹೆಸರನ್ನು ಬದಲಿಸದೆಯೇ 2001ರಲ್ಲಿ ತೀರಿಕೊಂಡರು. ಸುಮಾರು 4 ಲಕ್ಷ ಡಾಲರ್ ಮಾಜಿ ಪತ್ನಿಗೆ ಸಂದಾಯವಾಯಿತು; ಮಗಳು ನಡೆಸಿದ ದಾವೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2009ರಲ್ಲಿ ನಿಧಿಯು ಫಾರಂನಂತೆ ನಡೆದುಕೊಂಡದ್ದೇ ಸರಿ ಎಂದಿತು. ಭಾರತದಲ್ಲಿ ದಿಕ್ಕೇ ಬೇರೆ: ಷೇರು ಮತ್ತು ಮ್ಯೂಚುವಲ್ ಫಂಡ್‌ಗಳಿಗೆ ನಾಮಿನಿಯಾದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ, ಉತ್ತರಾಧಿಕಾರದ ಕಾನೂನೇ ಮೇಲು ಎಂದು ಇಲ್ಲಿನ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ನಿಮ್ಮ ಒಂದೊಂದು ಖಾತೆಗೂ ಯಾವ ನಿಯಮ ಅನ್ವಯಿಸುತ್ತದೆಂದು ವಕೀಲರನ್ನು ಕೇಳಿ. ಅದಕ್ಕಿಂತ ಮುಖ್ಯವಾಗಿ, ಉಯಿಲಿನಲ್ಲಿರುವ ಹೆಸರೂ ನಾಮಿನಿಯ ಹೆಸರೂ ಒಂದೇ ಆಗಿರುವಂತೆ ನೋಡಿಕೊಂಡರೆ ಆ ಪ್ರಶ್ನೆಯೇ ಏಳುವುದಿಲ್ಲ.

ಉಯಿಲಿಗೆ ಸಹಿ ಹಾಕುವ ಸಾಕ್ಷಿಗಳಾಗಿ ಆಸ್ತಿ ಪಡೆಯದವರನ್ನೇ ಕರೆಯಿರಿ. ಇಂಗ್ಲೆಂಡಿನ 1837ರ ಉಯಿಲು ಕಾಯ್ದೆಯ ಪ್ರಕಾರ ಸಾಕ್ಷಿಗೆ ಅಥವಾ ಸಾಕ್ಷಿಯ ಸಂಗಾತಿಗೆ ಬರೆದ ಪಾಲು ಅಸಿಂಧುವಾಗುತ್ತದೆ. ನಿಮ್ಮ ಕಾನೂನು ಅಷ್ಟು ಬಿಗಿಯಾಗಿರದಿದ್ದರೂ ಅನುಮಾನಕ್ಕೆ ಎಡೆ ಕೊಡಬೇಕಿಲ್ಲ. ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದೇನೆ, ಉಯಿಲೇಕೆ ಎನ್ನುವವರಿದ್ದಾರೆ. ಅದು ಬರೆದುಕೊಟ್ಟವರ ಮರಣದೊಂದಿಗೇ ಮುಗಿಯುತ್ತದೆ.

ಮದುವೆ, ವಿಚ್ಛೇದನ, ಮಗುವಿನ ಜನನ, ನಾಮಿನಿಯ ಮರಣ, ಆಸ್ತಿಯ ಮಾರಾಟ, ಇವುಗಳಲ್ಲಿ ಯಾವುದಾದರೂ ನಡೆದ ತಿಂಗಳೇ ಪಟ್ಟಿಯನ್ನು ತೆಗೆದು ತಿದ್ದಿ. ಉಯಿಲಿನ ಮೂಲ ಪ್ರತಿಯನ್ನು ನೀವೊಬ್ಬರೇ ತೆರೆಯಬಲ್ಲ ಲಾಕರ್‌ನಲ್ಲಿ ಇಡಬೇಡಿ. ಅದನ್ನು ಜಾರಿಗೊಳಿಸಬೇಕಾದ ವ್ಯಕ್ತಿಗೆ ಅದಿರುವ ಜಾಗವನ್ನು ಈಗಲೇ ತಿಳಿಸಿಡಿ.