ಪ್ಲೇಟ್‌ಲೆಟ್‌ನ ಕೈಗಳನ್ನು ಒಂದು ಹಾಳೆಯಲ್ಲಿ ಬರೆದು ಕಲಿಯಿರಿ
ಮಂಡ್ಯದಲ್ಲಿ ನರ್ಸಿಂಗ್ ಓದುವ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ರಕ್ತ ಸುರಿಯುವುದನ್ನು ನಿಲ್ಲಿಸುವ ಪುಟ್ಟ ಕಣ ಪ್ಲೇಟ್‌ಲೆಟ್ ಅಂದ ಕೂಡಲೇ ಅವರ ಬಾಯಲ್ಲಿ ಬರುವುದು ಕೌಂಟ್, ಅಂದರೆ ಅದರ ಎಣಿಕೆ. ಡೆಂಗ್ಯೂ ಕಾಲದಲ್ಲಿ ಮನೆಮನೆಯಲ್ಲೂ ಅದೇ ಮಾತು, ಅಲ್ವಾ? ನನ್ನ ಅಕ್ಕನ ಮಗಳಿಗೆ ಮೂಗಿನಿಂದ ರಕ್ತ ಸುರಿಯುತ್ತಲೇ ಇದ್ದಾಗ ಕೌಂಟ್ 2.6 ಲಕ್ಷ ಇತ್ತು. ಎಲ್ಲ ಸರಿಯಿದೆ ಅಂತ ವಾಪಸ್ ಕಳಿಸಿದರು. ಸರಿ ಇರಲಿಲ್ಲ. ಅಂದಿನಿಂದ ನಾನು ಮೊದಲು ಕಲಿಸುವುದು ಪ್ಲೇಟ್‌ಲೆಟ್ ಮೈಮೇಲಿನ ಪ್ರೋಟೀನ್‌ಗಳನ್ನು. ಅವೇ ಅದರ ಕೈಗಳು.

ಹಾಳೆಯ ಮೇಲೆ ನಮ್ಮ ವಿ.ಸಿ. ನಾಲೆ ಬರೆದ ಹಾಗೆ ಎರಡು ಗೆರೆ ಎಳೆಯಿರಿ. ಅದು ರಕ್ತನಾಳ. ಒಂದು ದಡ ಕುಸಿದ ಹಾಗೆ ತೋರಿಸಿ. ಅಲ್ಲಿ ಗೋಡೆಯೊಳಗಿದ್ದ ಕೊಲಾಜನ್ ಅನ್ನುವ ಪ್ರೋಟೀನ್ ಎಳೆಗಳು ಹೊರಗೆ ಬಿದ್ದಿವೆ. ಅವಕ್ಕೆ ರಕ್ತದಲ್ಲಿರುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅನ್ನುವ ಪ್ರೋಟೀನ್ ಅಂಟಿಕೊಳ್ಳುತ್ತದೆ. ಸುಮ್ನೆ ಇದ್ದಾಗ ಅದು ಉಂಡೆ ಸುತ್ತಿಟ್ಟ ಹಗ್ಗ. ಹರಿವಿನ ರಭಸಕ್ಕೆ ಬಿಚ್ಚಿಕೊಳ್ಳುತ್ತದೆ.

ಈಗ ಪ್ಲೇಟ್‌ಲೆಟ್ ಬರೆದು ಕೈಗಳನ್ನು ಸೇರಿಸಿ. ಮೊದಲ ಕೈ ಜಿಪಿ ಒನ್-ಬಿ. ಆ ಹಗ್ಗವನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಾ ಪ್ಲೇಟ್‌ಲೆಟ್ ದಡದ ಮೇಲೆ ಉರುಳಿ ನಿಧಾನವಾಗುತ್ತದೆ. ಎರಡನೆಯದು ಜಿಪಿ ಸಿಕ್ಸ್. ಇದು ಕೊಲಾಜನ್ ಮುಟ್ಟಿ ಒಳಗೆ ಸುದ್ದಿ ಕಳಿಸುತ್ತದೆ. ಪ್ಲೇಟ್‌ಲೆಟ್ ಆಗ ಎಡಿಪಿ ಅನ್ನುವ ರಾಸಾಯನಿಕ ಚೆಲ್ಲಿ ಅಕ್ಕಪಕ್ಕದವನ್ನೂ ಎಬ್ಬಿಸುತ್ತದೆ. ಎಡಿಪಿ ಹಿಡಿಯುವ ಪಿ2ವೈ12 ಅನ್ನು ಒಂದು ಚುಕ್ಕಿಯಾಗಿ ಇಟ್ಟರೆ ಸಾಕು. ಸ್ಟೆಂಟ್ ಹಾಕಿಸಿಕೊಂಡವರು ನುಂಗುವ ಕ್ಲೊಪಿಡೊಗ್ರೆಲ್ ಮಾತ್ರೆ ಮುಚ್ಚುವುದು ಇದನ್ನೇ.

ಮೂರನೆಯ ಕೈಗೆ ಜಾಸ್ತಿ ಹೊತ್ತು ಕೊಡಿ. ಜಿಪಿ ಟೂ-ಬಿ ತ್ರೀ-ಎ. ಎರಡು ಸರಪಳಿಗಳು ಸೇರಿ ಆದದ್ದು. ಒಂದೊಂದು ಪ್ಲೇಟ್‌ಲೆಟ್ ಮೇಲೆ ಸುಮಾರು 80,000 ಇರುತ್ತವೆ. ಇದನ್ನು ಎರಡು ಸಲ ಬರೆಯಿರಿ: ಒಮ್ಮೆ ಮಂಡಿ ಮಡಚಿ ಕೂತ ಹಾಗೆ, ಒಮ್ಮೆ ನೆಟ್ಟಗೆ ಎದ್ದ ಹಾಗೆ. ಒಳಗಿನಿಂದ ಸುದ್ದಿ ಬಂದರೆ ಮಾತ್ರ ಏಳುತ್ತದೆ. ಎದ್ದರೆ ರಕ್ತದಲ್ಲಿರುವ ಫೈಬ್ರಿನೋಜನ್ ಅನ್ನುವ ಪ್ರೋಟೀನನ್ನು ಗಟ್ಟಿಯಾಗಿ ಹಿಡಿಯುತ್ತದೆ. ಫೈಬ್ರಿನೋಜನ್‌ನ ಇನ್ನೊಂದು ತುದಿಯನ್ನು ಪಕ್ಕದ ಪ್ಲೇಟ್‌ಲೆಟ್ ಹಿಡಿಯುತ್ತದೆ. ಕಬ್ಬಿನ ಜಲ್ಲೆಗಳನ್ನು ಕಟ್ಟು ಕಟ್ಟಿದ ಹಾಗೆ ಬಿಗಿಯಾಗುತ್ತದೆ.

ಈಗ ರಬ್ಬರ್ ತಗೊಂಡು ಆ ಮೂರನೆಯ ಕೈ ಅಳಿಸಿ. ಪ್ಲೇಟ್‌ಲೆಟ್‌ಗಳು ದಡಕ್ಕೆ ಅಂಟುತ್ತವೆ, ಆದರೆ ಒಂದನ್ನೊಂದು ಹಿಡಿಯುವುದಿಲ್ಲ. 1918ರಲ್ಲಿ ಸ್ವಿಟ್ಜರ್ಲೆಂಡ್‌ನ ವೈದ್ಯ ಗ್ಲಾಂಜ್‌ಮನ್ ವಿವರಿಸಿದ ಕಾಯಿಲೆ ಇದು. ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬಂದಾಗ ಮಗುವಿಗೆ ಕಾಣಿಸಿಕೊಳ್ಳುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಜಾಸ್ತಿ; ನಮ್ಮಕ್ಕ ಮದುವೆಯಾಗಿದ್ದು ಸೋದರಮಾವನನ್ನೇ. ಮೊದಲ ಕೈ ಅಳಿಸಿದರೆ ಬರ್ನಾರ್ಡ್-ಸೂಲಿಯೆ ಕಾಯಿಲೆ. ಅದರಲ್ಲಿ ಪ್ಲೇಟ್‌ಲೆಟ್‌ಗಳು ದೊಡ್ಡದಾಗಿರುತ್ತವೆ, ಕೌಂಟ್ ಕೂಡ ಸಾಮಾನ್ಯವಾಗಿ ಕಡಿಮೆ.

ಕೌಂಟ್ ಸರಿಯಿದ್ದೂ ರಕ್ತ ನಿಲ್ಲದ ಮಗು ವಾರ್ಡಿಗೆ ಬಂದರೆ ಈ ಹಾಳೆ ನೆನಪಿಸಿಕೊಳ್ಳಿ. ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಹಿಡಿಯುತ್ತವಾ ಅಂತ ನೋಡುವ ಪ್ಲೇಟ್‌ಲೆಟ್ ಅಗ್ರಿಗೇಷನ್ ಟೆಸ್ಟ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಆ ರಕ್ತ ಕೌಂಟ್ ಮಾಡುವ ನೇರಳೆ ಮುಚ್ಚಳದ ಟ್ಯೂಬಿಗಲ್ಲ, ಸಿಟ್ರೇಟ್ ಇರುವ ನೀಲಿ ಮುಚ್ಚಳದ್ದಕ್ಕೆ ಹೋಗಬೇಕು. ಈಚೆಗೆ ಮಗುವಿಗೆ ಆಸ್ಪಿರಿನ್ ಕೊಟ್ಟಿದ್ದಾರಾ ಅಂತ ತಾಯಿಯನ್ನು ಮೊದಲೇ ವಿಚಾರಿಸಿ; ಅದು ಟೆಸ್ಟಿನ ಫಲಿತಾಂಶ ಕೆಡಿಸುತ್ತದೆ.