ಅಪ್‌ಟೈಮ್ ಸಾಲಿನ ಮೊದಲರ್ಧ ನಾನು ಓದಿರಲಿಲ್ಲ

ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಆಫೀಸಿನ ಮೂರು ಲಿನಕ್ಸ್ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಮೊದಲೆಲ್ಲ ನೋಡಿಕೊಳ್ಳುವುದು ಅಂದರೆ ಯಾರಾದರೂ ಫೋನ್ ಮಾಡಿದ ಮೇಲೆ ನೋಡುವುದು, ಅಷ್ಟೆ. ಫೋನ್ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತ ಲೆಕ್ಕ.

ಒಂದು ಜುಲೈ ತಿಂಗಳ ಸೋಮವಾರ, ಹತ್ತೂವರೆಗೆ ಕೌಂಟರಿನಿಂದ ಫೋನ್ ಬಂತು. 'ಸರ್, ಇದೆಂತ ಮಾರ್ರೆ, ಚಕ್ರ ತಿರುಗ್ತಾನೇ ಉಂಟು. ಜನ ಕಾಯ್ತಾ ಇದ್ದಾರೆ.' ನಾನು ಡೇಟಾಬೇಸ್ ಸರ್ವರಿಗೆ ಲಾಗಿನ್ ಆಗಿ ಅಪ್‌ಟೈಮ್ ಕಮಾಂಡ್ ಕೊಟ್ಟೆ. ಮಷೀನಿನ ಮೇಲಿನ ಹೊರೆ ಹೇಳುವ ಲೋಡ್ ಆವರೇಜ್ 14 ತೋರಿಸಿತು. ಮಷೀನಿನಲ್ಲಿ ಇರುವುದು ನಾಲ್ಕೇ ಕೋರ್. ಸಿಪಿಯು ಸತ್ತು ಹೋಗ್ತಾ ಇದೆ ಅಂದುಕೊಂಡು, ಸಿಪಿಯು ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ತೆರೆದರೆ, ಸಿಪಿಯು ಮುಕ್ಕಾಲು ಪಾಲು ಸುಮ್ನೆ ಕೂತಿದೆ! ಏನೂ ಅರ್ಥವಾಗಲಿಲ್ಲ. ಅರ್ಥವಾಗದಾಗ ನಮ್ಮ ಕಸುಬಿನವರು ಏನು ಮಾಡ್ತಾರೋ ಅದನ್ನೇ ಮಾಡಿದೆ. ಡೇಟಾಬೇಸ್ ರೀಸ್ಟಾರ್ಟ್ ಮಾಡಿದೆ.

ಅದು ಇನ್ನೂ ನಿಧಾನವಾಯಿತು. ಆಗಬೇಕಾದ್ದೇ ಅದು. ಡೇಟಾಬೇಸ್ ಮತ್ತೆ ಮತ್ತೆ ಬೇಕಾಗುವ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಅದೆಲ್ಲ ಖಾಲಿ, ಪ್ರತಿಯೊಂದನ್ನೂ ಡಿಸ್ಕಿನಿಂದಲೇ ಓದಬೇಕು. ಆವತ್ತು ಉಸಿರು ಕಟ್ಟಿದ್ದೇ ಡಿಸ್ಕಿಗೆ.

ಲೋಡ್ ಆವರೇಜ್ ಬಗ್ಗೆ ನನಗಿದ್ದ ತಪ್ಪು ತಿಳುವಳಿಕೆ ತುಂಬ ಜನರಿಗೆ ಇದೆ. ಅದು ಸಿಪಿಯು ಲೆಕ್ಕ ಮಾತ್ರ ಅಲ್ಲ. ಲಿನಕ್ಸಿನಲ್ಲಿ ಸಿಪಿಯುಗಾಗಿ ಸಾಲು ನಿಂತವರ (ಅಂದರೆ ಓಡುತ್ತಿರುವ ಪ್ರೋಗ್ರಾಂಗಳ) ಜೊತೆಗೆ, ಹೆಚ್ಚಾಗಿ ಡಿಸ್ಕಿಗಾಗಿ ಕಾಯುತ್ತಾ ಅಲುಗಾಡದೆ ಕೂತವರನ್ನೂ ಎಣಿಸುತ್ತಾರೆ. 1993ರಿಂದಲೂ ಹಾಗೇ. ನಮ್ಮ ಉಡುಪಿ ಹೋಟೆಲಿನ ಅಡುಗೆಮನೆ ನೆನೆಸಿಕೊಳ್ಳಿ. ಕಾವಲಿ ಕಾದಿದೆ, ಭಟ್ಟರು ಸುಮ್ನೆ ನಿಂತಿದ್ದಾರೆ, ಒಳಗಿಂದ ಹಿಟ್ಟು ಬಂದಿಲ್ಲ. ಹೊರಗೆ ಹದಿನಾಲ್ಕು ಜನ ದೋಸೆಗೆ ಕಾಯ್ತಾ ಇದ್ದಾರೆ. ಇನ್ನೊಬ್ಬ ಭಟ್ಟರನ್ನು ತಂದು ನಿಲ್ಲಿಸಿದರೆ ಏನು ಉಪಯೋಗ?

ಯಾರು ಯಾವುದಕ್ಕೆ ಕಾಯ್ತಾ ಇದ್ದಾರೆ ಅಂತ ಎಣಿಸಿ ತೋರಿಸುವ ವಿಎಂಸ್ಟ್ಯಾಟ್ ಕಮಾಂಡನ್ನು ಸೆಕೆಂಡಿಗೊಮ್ಮೆ ಓಡಿಸಿದಾಗ ಇದು ಕಣ್ಣಿಗೆ ಬಿತ್ತು. 'ಆರ್' ಕಾಲಮ್ಮಿನಲ್ಲಿ ಒಂದೋ ಎರಡೋ, 'ಬಿ' ಕಾಲಮ್ಮಿನಲ್ಲಿ ಹತ್ತು ಹನ್ನೆರಡು. ಆರ್ ಅಂದರೆ ಸಿಪಿಯು ಕೇಳುವವರು, ಬಿ ಅಂದರೆ ಡಿಸ್ಕಿಗೆ ಅಂಟಿಕೊಂಡವರು. ಈಗ ನಾನು ಯಾವ ಸರ್ವರಿಗೆ ಹೋದರೂ ಲೋಡ್ ನೋಡಿದ ಕೂಡಲೇ ಈ ಎರಡು ಕಾಲಮ್ ನೋಡ್ತೇನೆ. ಆವತ್ತು ಆಮೇಲೆ ಡಿಸ್ಕಿನ ವೇಗ ತೋರಿಸುವ ಐಓಸ್ಟ್ಯಾಟ್ ಓಡಿಸಿ ನೋಡಿದೆ, ಡಿಸ್ಕಿಗೆ ಒಂದು ಕೆಲಸ ಕೊಟ್ಟರೆ ಮುಗಿದು ಬರಲು 200 ಮಿಲಿಸೆಕೆಂಡಿಗೂ ಜಾಸ್ತಿ. ಅದು ಹೆಚ್ಚು ಅಂತ ಅನ್ನಿಸಿತು. ಆದರೆ ನಿನ್ನೆ ಎಷ್ಟಿತ್ತು? ಹೋದ ಸೋಮವಾರ ಎಷ್ಟಿತ್ತು? ನನ್ನ ಹತ್ತಿರ ಉತ್ತರ ಇರಲಿಲ್ಲ.

ಡಿಸ್ಕನ್ನು ಅಷ್ಟು ಬಡಿಯುತ್ತಿದ್ದವರು ಯಾರು ಅಂತ ಹುಡುಕುತ್ತಾ ಇನ್ನರ್ಧ ಗಂಟೆ ಕಳೆದೆ. ಕೊನೆಗೆ ಪ್ರಾಕ್ ಫೋಲ್ಡರಿನಲ್ಲಿರುವ, ರೇಡ್ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲು ತೆರೆದಾಗ ಸಿಕ್ಕಿತು. ರೇಡ್ ರೀಸಿಂಕ್ ಆಗ್ತಾ ಇತ್ತು, ಅರ್ಧ ದಾಟಿತ್ತು. ಎರಡು ಡಿಸ್ಕಿನಲ್ಲಿ ಒಂದೇ ಲೆಕ್ಕ ಬರೆಯುವ ರೇಡ್ ಅದು. ಬರೆಯುತ್ತಿರುವಾಗ ಕರೆಂಟ್ ಹೋದರೆ ಎರಡೂ ಕಡೆ ಸರಿಯಾಗಿ ಬರೆದಾಗಿದೆಯೋ ಇಲ್ಲವೋ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಮಷೀನ್ ಎದ್ದ ಮೇಲೆ ಒಂದು ಡಿಸ್ಕಿನದ್ದನ್ನು ಇನ್ನೊಂದಕ್ಕೆ ಮೊದಲಿನಿಂದ ಕೊನೆಯವರೆಗೆ ನಕಲು ಮಾಡ್ತದೆ. ನಮ್ಮದು 4 ಟೆರಾಬೈಟ್.

ಅಂದರೆ ಕರೆಂಟ್ ಹೋಗಿತ್ತು. ಭಾನುವಾರ ರಾತ್ರಿಯ ಗಾಳಿ ಮಳೆಗೆ ಊರಿನ ಅರ್ಧ ಭಾಗ ಕತ್ತಲಲ್ಲಿತ್ತು, ಯುಪಿಎಸ್ ಬ್ಯಾಟರಿ ಮುಗಿದು ಸರ್ವರ್ ಬಿದ್ದಿತ್ತು. ಬೆಳಿಗ್ಗೆ ಐದು ಗಂಟೆ ಸುಮಾರಿಗೆ ಕರೆಂಟ್ ಬಂದಾಗ ತಾನೇ ಎದ್ದಿತ್ತು. ಯಾರಿಗೂ ಗೊತ್ತೇ ಆಗಿಲ್ಲ. ಟರ್ಮಿನಲ್‌ನಲ್ಲಿ ಮೇಲೆ ಸರಿಸಿ ನೋಡಿದೆ. ನಾನು ಕೊಟ್ಟ ಮೊದಲನೇ ಕಮಾಂಡಿನ ಉತ್ತರದಲ್ಲೇ ಬರೆದಿತ್ತು, ಈ ಮಷೀನ್ ಎದ್ದು 5 ಗಂಟೆ 20 ನಿಮಿಷ ಆಗಿದೆ ಅಂತ. ಕಮಾಂಡಿನ ಹೆಸರೇ ಅಪ್‌ಟೈಮ್! ನಾನು ಸಾಲಿನ ಕೊನೆಯ ಮೂರು ಅಂಕಿ, ಅಂದರೆ ಲೋಡ್ ಆವರೇಜ್ ಮಾತ್ರ ಓದಿದ್ದೆ.

ಆವತ್ತಿನ ಮಟ್ಟಿಗೆ ರೀಸಿಂಕ್ ವೇಗಕ್ಕೆ ಕಡಿವಾಣ ಹಾಕಿದೆ. ಮಾಮೂಲಾಗಿ ಅದರ ಮೇಲಿನ ಮಿತಿ ಸೆಕೆಂಡಿಗೆ 2,00,000 ಕೆಬಿ. ಅದನ್ನು 20,000ಕ್ಕೆ ಇಳಿಸಿದ ಎರಡು ನಿಮಿಷದಲ್ಲಿ ಕೌಂಟರ್ ಹಗುರವಾಯಿತು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಮತ್ತೆ ಏರಿಸಿದೆ. ರೀಸಿಂಕ್ ಮುಗಿದ ಮೇಲೆ ಬಿಟ್‌ಮ್ಯಾಪ್ ಸೇರಿಸಿದೆ. ಯಾವ ಭಾಗದಲ್ಲಿ ಬರೆಯುತ್ತಿದ್ದೇವೆ ಅಂತ ಗುರುತು ಇಟ್ಟುಕೊಳ್ಳುವ ವ್ಯವಸ್ಥೆ ಅದು. ಕರೆಂಟ್ ಹೋದರೂ ಆ ಭಾಗವನ್ನಷ್ಟೇ ಸರಿ ಮಾಡಿಕೊಳ್ಳುತ್ತದೆ. ನಮ್ಮದು ಹಳೆಯ ರೇಡ್, ಅದರಲ್ಲಿ ಇದು ಇರಲಿಲ್ಲ.

ಆದರೆ 'ನಿನ್ನೆ ಎಷ್ಟಿತ್ತು' ಅನ್ನುವ ಪ್ರಶ್ನೆ ಬಿಡಲಿಲ್ಲ. ಅದಕ್ಕೆ ಸರ್ವರಿನ ಈ ಅಂಕಿಗಳನ್ನೆಲ್ಲ ಬರೆದಿಡುವ ಸಿಸ್‌ಸ್ಟ್ಯಾಟ್ ಹಾಕಿದೆ. ಡೆಬಿಯನ್ ಅನ್ನುವ ಲಿನಕ್ಸಿನಲ್ಲಿ ಇನ್‌ಸ್ಟಾಲ್ ಮಾಡಿದರೆ ಸಾಲದು, ಅದರ ಸೆಟ್ಟಿಂಗ್ ಫೈಲಿನಲ್ಲಿ ಆನ್ ಕೂಡ ಮಾಡಬೇಕು. ನಾನು ಮರೆತು ಒಂದು ವಾರದ ಲೆಕ್ಕ ಕಳೆದುಕೊಂಡೆ. ಆಮೇಲೆ ಅದು ಹತ್ತು ನಿಮಿಷಕ್ಕೊಮ್ಮೆ ಸದ್ದಿಲ್ಲದೆ ಬರೆದಿಡುತ್ತದೆ, ಸಾರ್ ಕಮಾಂಡಿನಲ್ಲಿ ಹಿಂದಿನ ದಿನಗಳದ್ದನ್ನು ತೆಗೆದು ನೋಡಬಹುದು. ಒಂದು ತಿಂಗಳು ಏನೂ ಮಾಡದೆ ಬರೀ ನೋಡಿದೆ. ಸೋಮವಾರ ಬೆಳಿಗ್ಗೆ ಲೋಡ್ ಮೂರರ ಹತ್ತಿರ ಇರ್ತದೆ. ಶನಿವಾರ ರಾತ್ರಿ ಬ್ಯಾಕಪ್ ಹೊತ್ತಿಗೆ ಆರು ದಾಟ್ತದೆ, ಅದಕ್ಕೆ ಹೆದರಬೇಕಿಲ್ಲ. ಡಿಸ್ಕಿನ ಉತ್ತರ ಒಳ್ಳೆಯ ದಿನ 10 ಮಿಲಿಸೆಕೆಂಡಿನ ಆಸುಪಾಸು. ಈ ಮೂರು ಅಂಕಿ ನನಗೆ ಬಾಯಿಪಾಠ ಆಗಿದೆ.

ಆ ತಿಂಗಳಲ್ಲೇ ಮ್ಯಾನೇಜರ್ ಒಮ್ಮೆ ಪರದೆ ನೋಡಿ ಗಾಬರಿಯಾದರು. ಮೆಮೊರಿ ಪೂರ್ತಿ ಮುಗಿದಿದೆಯಲ್ಲ, ರ್‍ಯಾಮ್ ಹಾಕಿಸಬೇಕಾ ಅಂದರು. 'ಸರ್, ನಮ್ಮ ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ. ಖಾಲಿ ಸೀಟಲ್ಲಿ ಬ್ಯಾಗ್ ಇಟ್ಟಿದ್ದಾರೆ. ಜನ ಹತ್ತಿದರೆ ಎತ್ತಿ ತೊಡೆ ಮೇಲೆ ಇಟ್ಕೊಳ್ತಾರೆ' ಅಂದೆ. ಲಿನಕ್ಸ್ ಖಾಲಿ ಮೆಮೊರಿಯನ್ನು ಫೈಲುಗಳ ಕ್ಯಾಶ್‌ಗೆ, ಅಂದರೆ ಓದಿದ ಫೈಲುಗಳನ್ನು ಕೈಗೆಟಕುವ ಹಾಗೆ ಇಟ್ಟುಕೊಳ್ಳಲು, ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಫ್ರೀ ಕಮಾಂಡಿನಲ್ಲಿ 'ಫ್ರೀ' ಕಾಲಮ್ ನೋಡಬೇಡಿ, 'ಅವೈಲೆಬಲ್' ನೋಡಿ. ರ್‍ಯಾಮ್ ದುಡ್ಡು ಉಳಿಯಿತು, ಅದರಲ್ಲಿ ಯುಪಿಎಸ್ ಬ್ಯಾಟರಿ ಬಂತು.

ನಂತರ ಸರ್ವರಿನ ಅಂಕಿ ಕೂಡಿಸಿ ಗ್ರಾಫ್ ತೋರಿಸುವ ಪ್ರೊಮೀಥಿಯಸ್, ನೋಡ್ ಎಕ್ಸ್‌ಪೋರ್ಟರ್, ಗ್ರಫಾನಾ ಎಲ್ಲ ಹಾಕಿದೆ. ಹಾಕುವುದು ಕಷ್ಟ ಏನಿಲ್ಲ, ಒಂದು ಭಾನುವಾರದ ಕೆಲಸ. ಕಷ್ಟ ಶುರುವಾಗಿದ್ದು ಅಲರ್ಟ್‌ಗಳಲ್ಲಿ. ಸಿಪಿಯು ಶೇ. 80 ದಾಟಿದರೆ, ಮೆಮೊರಿ ಶೇ. 90 ದಾಟಿದರೆ ಅಂತ ಸಿಕ್ಕಿದ್ದಕ್ಕೆಲ್ಲ ಇಟ್ಟೆ. ಕಿನ್ನಿಗೋಳಿ ಕಡೆ ಒಂದು ಬಯಲಾಟಕ್ಕೆ ಹೋಗಿ ಕೂತಿದ್ದೆ. ಮಹಿಷಾಸುರ ಬೊಬ್ಬೆ ಹಾಕುತ್ತಾ ದೊಂದಿ ಬೆಳಕಿನಲ್ಲಿ ಬರುವ ಹೊತ್ತು, ಕಿಸೆಯಲ್ಲಿ ಫೋನ್ ಆರು ಸಲ ಬಡಿದುಕೊಂಡಿತು. ನೋಡಿದರೆ ಬ್ಯಾಕಪ್. ಎರಡು ವಾರದಲ್ಲಿ ಅಲರ್ಟ್ ನೋಡುವುದನ್ನೇ ಬಿಟ್ಟೆ. ಹಾಗಾದರೆ ಅದು ಇದ್ದೂ ಇಲ್ಲದ ಹಾಗೆ, ಅಲ್ವಾ?

ಎಲ್ಲ ಅಳಿಸಿದೆ. ಈಗ ಇರುವುದು ಐದೇ. ಮಷೀನ್ ರೀಬೂಟ್ ಆದರೆ (ಇದು ಎಲ್ಲಕ್ಕಿಂತ ಮೊದಲು!), ರೇಡ್‌ನಲ್ಲಿ ಒಂದು ಡಿಸ್ಕ್ ಕಳಚಿದರೆ, ಈಗಿನ ವೇಗದಲ್ಲಿ ಹೋದರೆ ನಾಲ್ಕು ದಿನದಲ್ಲಿ ಡಿಸ್ಕ್ ತುಂಬುವ ಹಾಗಿದ್ದರೆ, ರಾತ್ರಿಯ ಬ್ಯಾಕಪ್ ಬರದಿದ್ದರೆ, ಸ್ಮಾರ್ಟ್ ಲೆಕ್ಕದಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಪೆಂಡಿಂಗ್ ಸೆಕ್ಟರ್, ಅಂದರೆ ಓದಲು ತೊಂದರೆ ಕೊಡುವ ಜಾಗ, ಸೊನ್ನೆಗಿಂತ ಏರಿದರೆ. ಸಿಪಿಯುಗೆ ಅಲರ್ಟೇ ಇಲ್ಲ. ಅದು ದುಡಿಯಲಿ ಬಿಡಿ, ದುಡಿಯಲಿಕ್ಕೇ ತಂದಿದ್ದು.

ಡಿಸ್ಕ್ ತುಂಬುವ ವಿಚಾರದಲ್ಲಿ ಒಂದು ಮಾತು. ಒಮ್ಮೆ ಜಾಗ ಇದ್ದರೂ 'ಜಾಗ ಇಲ್ಲ' ಅಂದಿತು. ಪ್ರತಿ ಫೈಲಿಗೂ ಒಂದೊಂದು ಬೇಕಾಗುವ ಐನೋಡ್ ಮುಗಿದಿತ್ತು, ಸಣ್ಣ ಸಣ್ಣ ಸೆಷನ್ ಫೈಲು ಲಕ್ಷಗಟ್ಟಲೆ. ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡಿಗೆ 'ಐ' ಸೇರಿಸಿ ನೋಡುವುದು ಆಮೇಲೆ ರೂಢಿಯಾಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಪೆದ್ದುತನ ಉಳಿದಿತ್ತು. ನಿಗಾ ಇಡುವ ಮಷೀನೂ ಅದೇ ಕೋಣೆಯಲ್ಲಿ, ಅದೇ ಯುಪಿಎಸ್ ಮೇಲೆ. ಕರೆಂಟ್ ಹೋದರೆ ಕಾವಲುಗಾರನೂ ಮಲಗ್ತಾನೆ, ನನಗೆ ಸುದ್ದಿ ಯಾರು ಕೊಡುವುದು? ಈಗ ಹೊರಗಡೆ ಒಂದು ಸಣ್ಣ ಬಾಡಿಗೆ ಸರ್ವರ್ ಇದೆ. ನಮ್ಮವು ಐದು ನಿಮಿಷಕ್ಕೊಮ್ಮೆ ಅದಕ್ಕೆ 'ಇದ್ದೇವೆ' ಅಂತ ಹೇಳಬೇಕು. ಹದಿನೈದು ನಿಮಿಷ ಸದ್ದಿಲ್ಲದಿದ್ದರೆ ನನ್ನ ಫೋನ್ ಬಡಿದುಕೊಳ್ಳುತ್ತದೆ.

ಯುಪಿಎಸ್‌ನ ಯುಎಸ್‌ಬಿ ಕೇಬಲ್ ಮೂರು ವರ್ಷದಿಂದ ಡಬ್ಬದೊಳಗೇ ಇತ್ತು. ಅದನ್ನು ಸಿಕ್ಕಿಸಿ, ಯುಪಿಎಸ್ ಮೇಲೆ ನಿಗಾ ಇಡುವ ನಟ್ ಅನ್ನುವ ತಂತ್ರಾಂಶ ಹಾಕಿದೆ. ಹೊಸ ಬ್ಯಾಟರಿ 22 ನಿಮಿಷ ಬರ್ತದೆ ಅಂತ ಅದು ತೋರಿಸಿತು. ಒಂದು ಭಾನುವಾರ ನಿಜವಾಗಿಯೂ ಮೇನ್ ಸ್ವಿಚ್ ತೆಗೆದು ಗಡಿಯಾರ ಹಿಡಿದು ಕೂತೆ. 11 ನಿಮಿಷಕ್ಕೇ ಬ್ಯಾಟರಿ ಮುಗಿಯುತ್ತಿದೆ ಅಂತ ಕೂಗಲು ಶುರು ಮಾಡಿತು. ಹಾಗಾಗಿ ಕರೆಂಟ್ ಹೋಗಿ 5 ನಿಮಿಷ ಆದರೆ ಮೂರೂ ಸರ್ವರ್ ತಾವೇ ಕ್ರಮವಾಗಿ ಮುಚ್ಚಿಕೊಳ್ಳುವ ಹಾಗೆ ಇಟ್ಟಿದ್ದೇನೆ, ಡೇಟಾಬೇಸ್ ಮೊದಲು. ಮಳೆಗಾಲದಲ್ಲಿ ಬೆಳಿಗ್ಗೆ ಬೇಗ ಹೋಗಿ ಒಮ್ಮೊಮ್ಮೆ ಕೈಯಲ್ಲೇ ಆನ್ ಮಾಡಬೇಕಾಗ್ತದೆ. ಪರವಾಗಿಲ್ಲ.