ಪ್ಲೈವುಡ್ ಕಿತ್ತು ಬೆತ್ತ ಹೆಣೆಯಿರಿ

ಬೆತ್ತದ ಕುರ್ಚಿಗೆ ತೂತು ಬಿದ್ದರೆ ನಮ್ಮ ಮನೆಗಳಲ್ಲಿ ಮದ್ದು ಒಂದೇ. ಬಡಗಿಯನ್ನು ಕರೆದು ಮೇಲೊಂದು ಪ್ಲೈವುಡ್ ಹೊಡೆಸುವುದು. ನಮ್ಮಲ್ಲೂ ಹಾಗೇ ಆಗಿತ್ತು. ಅಪ್ಪ ಯಾವುದೋ ಹರಾಜಿನಲ್ಲಿ ತಂದ ತೇಗದ ಕುರ್ಚಿ ಅದು. ಇಪ್ಪತ್ತು ವರ್ಷ ಪ್ಲೈವುಡ್ ಹೊತ್ತುಕೊಂಡು, ಅದರ ಮೇಲೆ ದಿಂಬು ಹೊತ್ತುಕೊಂಡು, ಕೊನೆಗೆ ಅಟ್ಟ ಸೇರಿತ್ತು.

ಈಚೆಗೆ ಒಂದು ಕೆಫೆಯಲ್ಲಿ ಕಾಫಿಗೆ ಕೂತೆ. ಕೂತಿದ್ದು 'ಚಂಡೀಗಢ ಚೇರ್' ಎಂದು ಮಾರುವ ಹೊಸ ನಕಲಿನ ಮೇಲೆ. ತೇಗ, ಬೆತ್ತ, ನೇರ ಕೈಗಳು. ಅರೆ, ಇದರ ದಾಯಾದಿ ನಮ್ಮ ಅಟ್ಟದಲ್ಲೇ ಇದೆಯಲ್ಲ ಅನ್ನಿಸಿತು. ನಮ್ಮದು ಚಂಡೀಗಢದ್ದಲ್ಲ, ಬಿಡಿ. ಆದರೆ ಹೆಣಿಗೆ ಅದೇ. ಆ ಹೆಣಿಗೆಯನ್ನು ಮನೆಯಲ್ಲೇ ಮತ್ತೆ ಹಾಕಬಹುದು. ಅದನ್ನೇ ಇಲ್ಲಿ ಹೇಳುತ್ತೇನೆ.

ಅದಕ್ಕೂ ಮುಂಚೆ ಆ ಚಂಡೀಗಢದ ಕುರ್ಚಿಯ ಕತೆ ಸ್ವಲ್ಪ. 1951ರಲ್ಲಿ ಚಂಡೀಗಢ ಕಟ್ಟುವ ಕೆಲಸ ಶುರುವಾದಾಗ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಜೊತೆ ಅವರ ಸೋದರಸಂಬಂಧಿ ಪಿಯರ್ ಜನರೆ ಬಂದರು. ಕಾರ್ಬೂಸಿಯೆ ಬಂದು ಹೋಗುತ್ತಿದ್ದರು. ಜನರೆ ಅಲ್ಲೇ ಉಳಿದರು, 1965ರ ತನಕ. ಹೊಸ ಊರು ಅಂದಮೇಲೆ ಹೈಕೋರ್ಟು, ಸಚಿವಾಲಯ, ವಿಶ್ವವಿದ್ಯಾಲಯ, ಗ್ರಂಥಾಲಯ ಎಲ್ಲವೂ ಹೊಸದು. ಎಲ್ಲದಕ್ಕೂ ಮೇಜು ಕುರ್ಚಿ ಬೇಕು, ಅದೂ ಸಾವಿರಗಟ್ಟಲೆ. ಅದೇ ಕಾಲಕ್ಕೆ ಅಮೆರಿಕದಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಫೈಬರ್‌ಗ್ಲಾಸ್ ಅಚ್ಚಿನಲ್ಲಿ ಕುರ್ಚಿ ತೆಗೆಯುತ್ತಿದ್ದರು. ಚಂಡೀಗಢದಲ್ಲಿ ಅಂಥ ಕಾರ್ಖಾನೆ ಎಲ್ಲಿತ್ತು? ಇದ್ದದ್ದು ಬಡಗಿಗಳು, ಬೆತ್ತ ಹೆಣೆಯುವವರು, ತೇಗದ ಮರ. ಜನರೆ, ಉರ್ಮಿಳಾ ಯೂಲಿ ಚೌಧರಿ ಮತ್ತು ಅವರ ಜೊತೆಗಾರರು ಇದ್ದದ್ದರಲ್ಲೇ ವಿನ್ಯಾಸ ಮಾಡಿದರು. ಕೈವಾರ ಬಿಡಿಸಿಟ್ಟ ಹಾಗೆ ಕಾಲು, ಗಾಳಿಯಾಡುವ ಬೆತ್ತದ ಆಸನ. ಕಾಲು ಮುರಿದರೆ ಬಡಗಿ, ಬೆತ್ತ ಹರಿದರೆ ಹೆಣೆಯುವವ. ಎರಡೂ ಊರಲ್ಲೇ ಸಿಗುತ್ತಿತ್ತು.

ಆಮೇಲೆ ಸ್ಟೀಲು, ಪ್ಲಾಸ್ಟಿಕ್ ಬಂತು. ಈ ಕುರ್ಚಿಗಳು ಕಚೇರಿ ತಾರಸಿಗಳಲ್ಲಿ ಮಳೆಗೆ ನೆನೆಯುತ್ತಾ ಬಿದ್ದವು. ಗುಜರಿ ಬೆಲೆಗೆ ಹರಾಜಾದವು. ವಿದೇಶಿ ವ್ಯಾಪಾರಿಗಳು ಎತ್ತಿಕೊಂಡು ಹೋಗಿ ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಲಕ್ಷಗಟ್ಟಲೆಗೆ ಮಾರಿದರು. ನಮ್ಮ ಸರ್ಕಾರ ಎಚ್ಚೆತ್ತು ಮಾರಾಟ ತಡೆಯಲು ಆದೇಶ ಹೊರಡಿಸಿದ್ದು 2011ರಲ್ಲಿ. ಆ ಹೊತ್ತಿಗೆ ಎಷ್ಟೋ ಹೋಗಿಯಾಗಿತ್ತು.

ಮೊದಲು ಕುರ್ಚಿ ಮಗುಚಿ ನೋಡಿ

ಆಸನದ ಚೌಕಟ್ಟಿನ ಸುತ್ತ ಸಾಲಾಗಿ ತೂತುಗಳಿದ್ದರೆ ಅದು ಕೈಹೆಣಿಗೆ. ತೂತಿಲ್ಲದೆ ಸುತ್ತ ಒಂದು ಗಾಡಿ, ಅಂದರೆ ಮರದಲ್ಲಿ ಕೊರೆದ ಸಣ್ಣ ಕಾಲುವೆ, ಇದ್ದರೆ ಅದು ರೆಡಿಮೇಡ್ ಬೆತ್ತದ ಹಾಳೆ ಕೂರಿಸುವ ಜಾತಿ. ಹಾಳೆ ನೆನೆಸಿ, ಗಾಡಿಯೊಳಗೆ ಒತ್ತಿ, ಅಂಟು ಹಾಕಿ, ಮೇಲೊಂದು ಪಟ್ಟಿ ಬಡಿದರೆ ಮುಗಿಯಿತು. ಅರ್ಧ ದಿನದ ಕೆಲಸ, ಹೆಚ್ಚು ಹೇಳುವುದೇನಿಲ್ಲ.

ಎಳೆ ಹರಿದಿಲ್ಲ, ಸುಮ್ನೆ ಕುಳಿ ಬಿದ್ದಿದೆ ಅಂದರೆ ಹೆಣೆಯಲು ಹೋಗಲೇಬೇಡಿ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಆಸನದ ಅಡಿಭಾಗಕ್ಕೆ ಚೆನ್ನಾಗಿ ಒತ್ತಿ. ಬೆತ್ತದ ಮೇಲ್ಮುಖ ಹೊಳಪಿನ ಸಿಪ್ಪೆ, ನೀರು ಸುಲಭಕ್ಕೆ ಇಳಿಯುವುದಿಲ್ಲ. ಕುಡಿಯುವುದು ಅಡಿಮುಖ. ನೆನೆದದ್ದು ಒಣಗುವಾಗ ಬೆತ್ತ ಬಿಗಿಯುತ್ತದೆ. ಒಂದು ರಾತ್ರಿ ಯಾರೂ ಕೂರಬಾರದು, ಅಷ್ಟೇ.

ನಮ್ಮದು ಹರಿದೇ ಹೋಗಿತ್ತು. ಪ್ಲೈವುಡ್‌ನ ಮೊಳೆ ಕೀಳುವಾಗ ಅವಸರ ಮಾಡಿ ಚೌಕಟ್ಟಿನ ಒಂದು ಮೂಲೆಯನ್ನು ಸೀಳಿದೆ. ನೀವು ಇಕ್ಕಳದ ಅಡಿಗೆ ಒಂದು ರಟ್ಟು ಇಟ್ಟು ನಿಧಾನಕ್ಕೆ ಕೀಳಿ. ಮರದ ದುರಸ್ತಿ, ಪಾಲಿಶ್ ಏನೇ ಇದ್ದರೂ ಬೆತ್ತ ಹಾಕುವ ಮುಂಚೆಯೇ ಮುಗಿಸಿಕೊಳ್ಳಿ.

ಬೇಕಾದ ಸಾಮಾನು

ಬೆತ್ತದ ಎಳೆ ಸುರುಳಿಯಲ್ಲಿ ಸಿಗುತ್ತದೆ. ಎಷ್ಟು ಅಗಲದ ಎಳೆ ಎಂಬುದು ತೂತುಗಳ ಅಂತರದ ಮೇಲೆ ನಿಂತಿದೆ. ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಒಂದೂವರೆ ಸೆಂಟಿಮೀಟರ್ ಇದ್ದರೆ 2.5 ಮಿಲಿಮೀಟರ್ ಎಳೆ ಸರಿ. ಎರಡು ಸೆಂಟಿಮೀಟರ್ ಹತ್ತಿರ ಇದ್ದರೆ 3 ಮಿಲಿಮೀಟರ್. ಲೆಕ್ಕ ಬೇಡ ಅಂದರೆ ಹಳೆಯ ಎಳೆಯ ತುಂಡೊಂದನ್ನು ಅಂಗಡಿಗೆ ಒಯ್ಯಿರಿ. ಸಾಧಾರಣ ಆಸನವೊಂದಕ್ಕೆ 75 ಮೀಟರ್ ಆಸುಪಾಸು ಬೇಕಾಗುತ್ತದೆ. ಜಾಸ್ತಿ ಅನ್ನಿಸಿತಾ? ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ವಿನ್ಯಾಸ ಮಾಡಿದ ವಿಶ್‌ಬೋನ್ ಕುರ್ಚಿಯ ಆಸನಕ್ಕೆ ಸುಮಾರು 120 ಮೀಟರ್ ಕಾಗದದ ಹುರಿ ಹೋಗುತ್ತದೆ.

ಅಂದ ಹಾಗೆ, ಬೆತ್ತ ಬಿದಿರಿನ ಜಾತಿಯಲ್ಲ. ಅಡಿಕೆ, ತೆಂಗಿನ ಬಳಗದ ಮುಳ್ಳುಬಳ್ಳಿ. ನಮ್ಮ ಘಟ್ಟದ ಕಾಡಲ್ಲೂ ಬೆಳೆಯುತ್ತದೆ. ಅದರಲ್ಲಿ ಒಂದು ಜಾತಿಗೆ ಸಸ್ಯಶಾಸ್ತ್ರದ ಹೆಸರೇ 'ಕ್ಯಾಲಮಸ್ ನಾಗಬೆತ್ತೈ'. ನಮ್ಮ 'ನಾಗಬೆತ್ತ' ನೇರವಾಗಿ ಲ್ಯಾಟಿನ್ ಸೇರಿಕೊಂಡಿದೆ.

ಎಳೆಯ ಜೊತೆಗೆ ಒಂದು ಬಕೆಟ್, ಕತ್ತರಿ, ದಬ್ಬಳ ಮತ್ತು ಹತ್ತು ಹನ್ನೆರಡು ಗೂಟ ಬೇಕು. ಗೂಟ ಅಂದರೆ ತೂತಿನಲ್ಲಿ ಎಳೆಯನ್ನು ಹಿಡಿದಿಡುವ ಕಡ್ಡಿ. ಮಕ್ಕಳ ಮೋಟು ಪೆನ್ಸಿಲ್ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಹಳೆಯ ಹೆಣಿಗೆಯನ್ನು ಕತ್ತರಿಸಿ ತೆಗೆಯಿರಿ. ತೆಗೆಯುವ ಮುಂಚೆ ಒಂದು ಫೋಟೋ ಇರಲಿ. ಮುಚ್ಚಿಹೋದ ತೂತುಗಳನ್ನು ಮೊಳೆಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟಿ ಬಿಡಿಸಿ. ನಾಲ್ಕೈದು ಎಳೆಗಳನ್ನು ಮಾತ್ರ ಉಗುರು ಬೆಚ್ಚಗಿನ ನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ ನೆನೆಸಿ. ಇಡೀ ಸುರುಳಿ ಮುಳುಗಿಸಿಟ್ಟು ಊಟಕ್ಕೆ ಹೋದರೆ ಬಣ್ಣ ಕಪ್ಪಿಡುತ್ತದೆ.

ಮೊದಲ ಮೂರು ಸುತ್ತು

ಇಡೀ ಹೆಣಿಗೆಗೆ ಆರು ಸುತ್ತು. ಮೊದಲ ಮೂರರಲ್ಲಿ ನೇಯುವುದೇನೂ ಇಲ್ಲ, ಬರೀ ಹಾಸುವುದು.

ಹಿಂದಿನ ಪಟ್ಟಿಯ ನಟ್ಟನಡುವಿನ ತೂತು, ಮುಂದಿನ ಪಟ್ಟಿಯ ನಟ್ಟನಡುವಿನ ತೂತು ಗುರುತು ಮಾಡಿ. ಹಿಂದಿನದರಲ್ಲಿ ಎಳೆ ಇಳಿಸಿ, ಅಡಿಯಲ್ಲಿ ನಾಲ್ಕು ಇಂಚು ಬಿಟ್ಟು, ಗೂಟ ಹೊಡೆಯಿರಿ. ಹೊಳಪಿನ ಮುಖ ಮೇಲಿರಲಿ. ಎಳೆಯನ್ನು ಮುಂದಕ್ಕೆ ತಂದು, ಎದುರಿನ ತೂತಲ್ಲಿ ಇಳಿಸಿ, ಅಡಿಯಿಂದ ಪಕ್ಕದ ತೂತಿಗೆ ಹತ್ತಿಸಿ, ಮತ್ತೆ ಹಿಂದಕ್ಕೆ. ಹೀಗೆ ನಡುವಿನಿಂದ ಒಂದು ಬದಿಗೆ, ಆಮೇಲೆ ಇನ್ನೊಂದು ಬದಿಗೆ. ಮೂಲೆಯ ತೂತುಗಳನ್ನು ಮುಟ್ಟಬೇಡಿ.

ಜಾಸ್ತಿ ಕುರ್ಚಿಗಳ ಆಸನ ಮುಂದೆ ಅಗಲ, ಹಿಂದೆ ಕಿರಿದು. ಹಾಗಾಗಿ ಮುಂದೆ ಕೆಲವು ತೂತು ಉಳಿದುಬಿಡುತ್ತವೆ. ಅಲ್ಲಿಂದ ಹೊರಟ ಎಳೆಯನ್ನು ಪಕ್ಕದ ಪಟ್ಟಿಯ ಯಾವುದಾದರೂ ತೂತಿಗೆ ಕಟ್ಟಿ. ಯಾವ ತೂತು ಅನ್ನುವುದು ಮುಖ್ಯವಲ್ಲ. ಉಳಿದ ಎಳೆಗಳಿಗೆ ಸಮಾನಾಂತರವಾಗಿ ಇರಬೇಕು, ಅಷ್ಟು ಮುಖ್ಯ.

ಎಳೆಯನ್ನು ವೀಣೆಯ ತಂತಿಯ ಹಾಗೆ ಬಿಗಿಯಬೇಡಿ. ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಗ್ಗಬೇಕು. ಮುಂದಿನ ಸುತ್ತುಗಳು ನುಸುಳುತ್ತಾ ನುಸುಳುತ್ತಾ ತಾವೇ ಬಿಗಿ ಮಾಡುತ್ತವೆ. ನಾನು ಮೊದಲೇ ಬಿಗಿದು, ಕೊನೆಗೆ ದಬ್ಬಳ ಹಾಕಲೂ ಜಾಗ ಸಿಗದೆ ಒದ್ದಾಡಿದೆ.

ಎರಡನೇ ಸುತ್ತು ಎಡದಿಂದ ಬಲಕ್ಕೆ. ಮೊದಲನೆಯದರ ಮೇಲೆ ಅಡ್ಡಡ್ಡ ಹಾಸಿಕೊಂಡು ಹೋದರೆ ಸರಿ. ಮೂರನೆಯದು ಮತ್ತೆ ಹಿಂದಿನಿಂದ ಮುಂದಕ್ಕೆ, ಮೊದಲನೆಯದು ಹಾದ ತೂತುಗಳಲ್ಲೇ, ಎರಡರ ಮೇಲೆ. ಒಂದು ಗಮನ ಇರಲಿ. ಮೂರನೆಯ ಎಳೆ ಮೊದಲನೆಯದರ ಬಲಕ್ಕೆ ಸ್ವಲ್ಪ ಸರಿದು ಕೂರಬೇಕು, ತಲೆಯ ಮೇಲಲ್ಲ.

ನಾಲ್ಕನೆಯದು: ಇಲ್ಲಿಂದ ನೇಯ್ಗೆ

ಈಗ ಪ್ರತಿ ತೂತಿನಿಂದ ಎರಡೆರಡು ಉದ್ದ ಎಳೆ ಹೊರಟಿವೆ. ಎಡಗಡೆಯದು ಕೆಳಗೆ, ಬಲಗಡೆಯದು ಮೇಲೆ. ನಾಲ್ಕನೇ ಎಳೆಯನ್ನು ಬಲದಿಂದ ಎಡಕ್ಕೆ ಒಯ್ಯಿರಿ. ಸೂತ್ರ ಒಂದೇ: ಮೇಲಿನದರ ಮೇಲೆ, ಕೆಳಗಿನದರ ಕೆಳಗೆ. ಎರಡನೇ ಸುತ್ತಿನ ಅಡ್ಡ ಎಳೆಯ ಪಕ್ಕದಲ್ಲೇ ಇದು ಸಾಗಬೇಕು. ನಾಲ್ಕೈದು ಜೋಡಿ ದಾಟಿಸಿ, ಎಳೆದು, ಮತ್ತೆ ನಾಲ್ಕೈದು. ಎಳೆಯ ತುದಿಯನ್ನು ಚೂಪಾಗಿ ಕತ್ತರಿಸಿಕೊಂಡರೆ ಸಲೀಸು. ಬೆತ್ತ ಒಣಗಿ ಒರಟಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ ಇರಿ.

ಇದು ಮುಗಿಯುವಾಗ ಆಸನದ ತುಂಬಾ ಚಿಕ್ಕ ಚಿಕ್ಕ ಚೌಕ ಮೂಡಿರುತ್ತದೆ. ಎರಡು ಗೂಟ ಹಿಡಿದು ಜೋಡಿ ಎಳೆಗಳನ್ನು ಹತ್ತಿರ ಹತ್ತಿರ ಒತ್ತಿ, ಚೌಕಗಳನ್ನು ನೇರ ಮಾಡಿ. ಬೇಜಾರಿನ ಕೆಲಸ, ಆದರೆ ಬಿಡಬೇಡಿ. ಇಲ್ಲಿ ಸೊಟ್ಟಗಿದ್ದದ್ದು ಮುಂದೆ ನೆಟ್ಟಗಾಗುವುದಿಲ್ಲ.

ಓರೆ ಎಳೆಗಳು: ಕೈಗೆ ಗೊತ್ತಾಗುತ್ತದೆ

ಐದನೆಯದೂ ಆರನೆಯದೂ ಮೂಲೆಯಿಂದ ಮೂಲೆಗೆ ಓರೆಯಾಗಿ. ಐದನೇ ಎಳೆ ಉದ್ದ ಜೋಡಿಗಳ ಮೇಲೆ, ಅಡ್ಡ ಜೋಡಿಗಳ ಕೆಳಗೆ. ಆರನೆಯದು ಎದುರು ದಿಕ್ಕಿನಲ್ಲಿ, ಉದ್ದದವುಗಳ ಕೆಳಗೆ, ಅಡ್ಡದವುಗಳ ಮೇಲೆ. ಈಗ ಮೂಲೆಯ ತೂತುಗಳಿಗೂ ಕೆಲಸ ಬಂತು. ಮೂಲೆಯ ತೂತಿನಿಂದ ಎರಡು ಓರೆ ಎಳೆ ಹೊರಡಬಹುದು, ಅದು ತಪ್ಪಲ್ಲ.

ಯಾವ ಮೂಲೆಯಿಂದ ಶುರು ಮಾಡಬೇಕು? ಎಳೆಯನ್ನೇ ಕೇಳಿ. ಸರಿಯಾದ ದಿಕ್ಕಾದರೆ ಅದು ಜೋಡಿ ಎಳೆಗಳ ಸಂದಿಗೆ ಜಾರಿ ಕೂರುತ್ತದೆ. ಎಳೆದರೆ ಸರಾಗವಾಗಿ ಬರುತ್ತದೆ. ತಪ್ಪಾದರೆ ಪ್ರತಿ ಚೌಕದಲ್ಲೂ ಕಚ್ಚುತ್ತದೆ, ಅಂಚು ತರಚುತ್ತದೆ. ಆಗ ಬಿಚ್ಚಿ, ಪಕ್ಕದ ಮೂಲೆಯಿಂದ ಹೊರಡಿ.

ನಾನು ಕಚ್ಚುತ್ತಿದ್ದರೂ ಜೋರು ಮಾಡಿ ಏಳು ಸಾಲು ಎಳೆದೆ. ಎಂಟನೆಯದು ಟಪ್ಪೆಂದು ಹರಿಯಿತು. ಅಮ್ಮ ಬಂದು ಕಣ್ಣಿಗೆ ಕನ್ನಡಕವನ್ನೂ ಹಾಕದೆ ಬೆರಳಾಡಿಸಿ, "ಎಲ್ಲಾ ಒರಟೊರಟು ಇದೆಯಲ್ಲೋ" ಅಂದರು. ಏಳೂ ಸಾಲು ಬಿಚ್ಚಿದೆ. ಒಂದು ಭಾನುವಾರ ಹೋಯಿತು. ಅಂಧರ ಶಾಲೆಗಳಲ್ಲಿ ಬೆತ್ತದ ಹೆಣಿಗೆಯನ್ನು ಕಸುಬಾಗಿ ಕಲಿಸುವುದು ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು. ಸರಿತಪ್ಪು ತಿಳಿಯುವುದು ಬೆರಳಿಗೆ. ಕೆಲಸ ಮಾಡಿಸುವವರಾದರೆ ಅಂಥ ಕಸುಬುದಾರರನ್ನೇ ಹುಡುಕಿ. ಕೊಟ್ಟ ಕೂಲಿಗೆ ಮೋಸವಿಲ್ಲ.

ಕಟ್ಟಿ ಮುಗಿಸುವುದು

ಕುರ್ಚಿ ಮಗುಚಿ. ಅಡಿಯಲ್ಲಿ ಜೋತಾಡುವ ತುದಿಗಳನ್ನು ಒದ್ದೆ ಮಾಡಿ, ಪಕ್ಕದ ಕುಣಿಕೆಯೊಳಗೆ ಎರಡು ಸಲ ಸುತ್ತಿ, ಎಳೆದು, ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಗಂಟು ಹಾಕುವುದು ಬೇಡ, ಒಣಗಿದ ಮೇಲೆ ಬೆತ್ತ ತಾನೇ ಹಿಡಿದುಕೊಳ್ಳುತ್ತದೆ. ಮೇಲೆ ತೂತುಗಳ ಸಾಲನ್ನು ಮುಚ್ಚಲು ಸ್ವಲ್ಪ ಅಗಲದ ಎಳೆಯೊಂದನ್ನು ಸುತ್ತಲೂ ಇಟ್ಟು, ತೆಳು ಎಳೆಯಿಂದ ತೂತು ಬಿಟ್ಟು ತೂತಿಗೆ ಹೊಲಿಗೆಯ ಹಾಗೆ ಕಟ್ಟಿಕೊಂಡು ಬನ್ನಿ. ಅಲ್ಲಲ್ಲಿ ಎದ್ದ ನಾರುಗಳನ್ನು ಚಿಕ್ಕ ಕತ್ತರಿಯಲ್ಲಿ ತೆಗೆಯಿರಿ.

ಎರಡು ದಿನ ನೆರಳಲ್ಲಿ ಒಣಗಲಿ. ಒಣಗಿದ ಆಸನವನ್ನು ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಬರಬೇಕು. ಹೊಸ ಬೆತ್ತ ಪೇಲವವಾಗಿ ಕಾಣುತ್ತದೆ, ಹಳೆಯ ತೇಗಕ್ಕೆ ಹೊಂದುವುದಿಲ್ಲ ಅನ್ನಿಸಬಹುದು. ನಾಲ್ಕಾರು ವರ್ಷಕ್ಕೆ ಜೇನಿನ ಬಣ್ಣ ತಾನೇ ಬರುತ್ತದೆ. ತಾಳ್ಮೆ ಇಲ್ಲದವರು ಗಟ್ಟಿ ಟೀ ಡಿಕಾಕ್ಷನ್ ಹಚ್ಚುತ್ತಾರೆ. ವಾರ್ನಿಶ್ ಮಾತ್ರ ಬೇಡ. ಬೆತ್ತ ಆಗಾಗ ಸ್ವಲ್ಪ ತೇವ ಕುಡಿಯುತ್ತಿರಬೇಕು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಅಡಿಯಿಂದ ಒದ್ದೆ ಬಟ್ಟೆ ಆಡಿಸಿ, ಬಿಸಿಲಲ್ಲಿ ಇಡಬೇಡಿ.

ನನಗೆ ಒಟ್ಟು ಮೂರು ಭಾನುವಾರ ಹಿಡಿಯಿತು, ಆ ಹಾಳಾದ ಒಂದನ್ನೂ ಸೇರಿಸಿ. ಕುರ್ಚಿ ಈಗ ಕಿಟಕಿಯ ಹತ್ತಿರ ಇದೆ. ಅಪ್ಪ ಅದರಲ್ಲೇ ಕೂತು ಪೇಪರ್ ಓದುತ್ತಾರೆ. ಯಾರು ಬೇಕಾದರೂ ಕೂರಬಹುದು, ಆದರೆ ಬಲ್ಬ್ ಬದಲಾಯಿಸಲು ಮೇಲೆ ಹತ್ತಿ ನಿಲ್ಲುವಂತಿಲ್ಲ. ಇಪ್ಪತ್ತು ವರ್ಷದ ಹಿಂದೆ ತೂತು ಬಿದ್ದದ್ದು ಹಾಗೇ. ಹತ್ತಿದ್ದು ಯಾರು ಅಂತ ಅಪ್ಪ ಈಗಲೂ ಕೇಳುತ್ತಾರೆ. ನಾನು ಈಗಲೂ ಬಾಯಿ ಬಿಟ್ಟಿಲ್ಲ.